ಕೊಲೋನ್ ನೀರಿನ ಕಥೆ

ಜ್ವರ ಬಂದು ಮಲಗಿದವರ ಹಣೆಯ ಮೇಲೆ ಒದ್ದೆಯ ಕರವಸ್ತ್ರವನ್ನು ಹಾಕುವ ಪದ್ಧತಿಯನ್ನು ನಾವೆಲ್ಲರೂ ಕಂಡವರೇ. ಆ ಕರವಸ್ತ್ರವನ್ನು ಬರಿಯ ನೀರಿನಲ್ಲಿ ಅದ್ದದೆ, ಬೀರುವಿನಲ್ಲಿ ಜೋಪಾನವಾಗಿರಿಸಿದ್ದ ಒಂದು ಸಣ್ಣ ಸೀಸೆಯಿಂದ ನಾಲ್ಕಾರು ತೊಟ್ಟುಗಳನ್ನು ಬೆರಸಿ ಅದ್ದುತ್ತಿದ್ದ ಮನೆಗಳೂ ನಮ್ಮಲ್ಲಿ ಹಲವು ಇದ್ದುವು. ಬಿರಡೆಯನ್ನು ತೆಗೆದೊಡನೆ ನಿಂಬೆಯ ಸಿಪ್ಪೆಯನ್ನು ಆಗತಾನೆ ಕಿವುಚಿದಂತಹ ಒಂದು ಪರಿಮಳ ಕೋಣೆಯನ್ನೆಲ್ಲ ತುಂಬುತ್ತಿದ್ದಿತು. ಕಾಲು ಗಳಿಗೆಯೊಳಗೆ ಅದು ಎತ್ತ ಹೋಯಿತೋ ತಿಳಿಯುತ್ತಿರಲಿಲ್ಲ. ಮನೆಯ ಹಿರಿಯರು ಅದನ್ನು ಓಡಿಕೊಲೋನ್ ಎಂದು ಕರೆದರು. ಯೂಡಿಕೊಲೋನ್ ಎಂದವರೂ ಉಂಟು. ಔಷಧವೆಂದು ಬಳಸಿದವರೇ ಹೆಚ್ಚು. ಇದು ಎಲ್ಲಿಯದು, ಈ ಹೆಸರಿನ ಅರ್ಥವೇನು ಎಂದು ಕೇಳಿದವರು ಕಡಿಮೆ.

ಹೆಸರು ಫ್ರೆಂಚ್ ಭಾಷೆಯದು. ಓ ದ ಕೊಲೋನ್ ಎಂದರೆ ಕೊಲೋನಿನ ನೀರು ಎಂದಷ್ಟೆ ಅರ್ಥ. ಕೊಲೋನ್ ಎಂಬುದು ಜರ್ಮನಿಯಲ್ಲಿ ರೈನ್ ನದಿಯ ದಂಡೆಯ ಮೇಲಿರುವ ಒಂದು ಪುರಾತನ ಪಟ್ಟಣ. ಜರ್ಮನರು ಅದನ್ನು ಕೆಲ್ನ್ ಎನ್ನುತ್ತಾರೆ. ರೋಮ್ ಚಕ್ರವರ್ತಿ ಕ್ಲಾಡಿಯಸನ ಪತ್ನಿ ಅಗ್ರಿಪ್ಪಿನಾ ಹುಟ್ಟಿದ ಊರು ಅದು. ಆಕೆಯ ಇಚ್ಛೆಯಂತೆ ಕ್ರಿ. ಶ. 50ರಲ್ಲಿ ಆ ಊರಿಗೆ ರೋಮನ್ ವಸಾಹತಿನ ಪದವಿ ದೊರೆಯಿತು. ವಸಾಹತಿಗೆ ಲ್ಯಾಟಿನಿನಲ್ಲಿ ಕೊಲೋನಿಯಾ ಎನ್ನುತ್ತಾರೆ. ಊರಿನ ಉದ್ದವಾದ ಹೆಸರಿನಲ್ಲಿ ಮಿಕ್ಕೆಲ್ಲವೂ ಸವೆದುಹೋಗಿ ಅದೊಂದು ಮಾತು ಉಳಿಯಿತು. ಹೀಗೆ ನಮ್ಮ ಮನೆಗಳ ಬೀರುವಿನ ಸೀಸೆಗೆ ಒಬ್ಬ ರೋಮನ್ ರಾಣಿಯ ಸಂಬಂಧ ಬಂದೊದಗಿತು.

ಮಲ್ಲಿಗೆಯ ಎಣ್ಣೆ, ಕೇದಗೆಯ ಅತ್ತರು, ಗುಲಾಬಿಯ ಪನ್ನೀರು ಎಂದು ಪರಿಮಳದ್ರವ್ಯಗಳಿಗೆ ಹೂವಿನ ಹೆಸರಿಡುವುದು ಲೋಕರೂಢಿ. ಊರಿನ ಹೆಸರನ್ನು ಹೊತ್ತ ಪರಿಮಳವು ಅಪೂರ್ವವೇ ಸರಿ. ಅದರಲ್ಲಿಯೂ ಈ ಪರಿಮಳಕ್ಕೆ ಬೇಕಾದ ಹಣ್ಣುಗಳಲ್ಲಿ ಒಂದಾದರೂ ಕೊಲೋನಿನಲ್ಲಿ ಬೆಳೆಯುವುದಿಲ್ಲ. ಅದನ್ನು ಮಾಡಿದವನು ಜರ್ಮನನಲ್ಲ, ಇಟಲಿಯವನು. ಅವನು ಇಟ್ಟ ಹೆಸರು ಜರ್ಮನ್ ಅಲ್ಲ, ಫ್ರೆಂಚ್. ಈ ವಿಚಿತ್ರ ಒಡಂಬಡಿಕೆಯ ಬೆನ್ನಿಗೆ ಹೆಸರಿನ ಒಡೆತನದ ಜಗಳವೊಂದು ಹುಟ್ಟಿ, ತಲೆಮಾರುಗಳ ಕಾಲ ನಡೆಯಿತು. ಆ ಜಗಳವೇ ಈ ಕಥೆಯ ತಿರುಳೆಂದು ನಮಗೆ ತೋರುತ್ತದೆ. ಅದಕ್ಕೆ ಬರುವ ಮುನ್ನ ಆ ಕಾಲದ ಯೂರೋಪಿನಲ್ಲಿ ಪರಿಮಳವೆಂದರೆ ಏನಾಗಿದ್ದಿತೆಂಬುದನ್ನು ಸ್ವಲ್ಪ ನೋಡಬೇಕು.

ಹದಿನೇಳನೆಯ ಶತಮಾನದ ಯೂರೋಪಿಯನರು ನೀರಿಗೆ ಹೆದರುತ್ತಿದ್ದರು. ಬಿಸಿನೀರಿನ ಸ್ನಾನದಿಂದ ಚರ್ಮದ ರಂಧ್ರಗಳು ತೆರೆದು ಅವುಗಳ ಮೂಲಕ ಮಹಾಮಾರಿಯ ವಿಷವಾಯು ದೇಹವನ್ನು ಹೊಗುವುದೆಂದು ವೈದ್ಯರೇ ಹೇಳುತ್ತಿದ್ದರು. ಮೈಯನ್ನು ತೊಳೆಯುವುದಕ್ಕೆ ಬದಲಾಗಿ ಒಳ ಅಂಗಿಯನ್ನು ಬದಲಾಯಿಸುವುದೇ ಶುಚಿಯೆನಿಸಿದ್ದಿತು. ದುರ್ಗಂಧವನ್ನು ಮುಚ್ಚುವುದಕ್ಕಾಗಿ ಕಸ್ತೂರಿ, ಪುನುಗು, ಅಂಬರುಗಳಂತಹ ಪ್ರಾಣಿಜನ್ಯವಾದ, ಭಾರವಾದ ವಾಸನೆಗಳನ್ನು ಕೈಗವಸುಗಳಿಗೂ ತಲೆಯ ಟೋಪನ್ನುಗಳಿಗೂ ಧಾರಾಳವಾಗಿ ಬಳಿಯುತ್ತಿದ್ದರು. ಪ್ರತಿನಿತ್ಯ ಮಿಂದು ಮಡಿಯುಡುವ ನಮ್ಮವರಿಗೆ ಇದು ನಗೆಯನ್ನು ತರಬಹುದು. ಆದರೆ ಪ್ಲೇಗಿನ ಹಾವಳಿಯನ್ನು ತಲೆತಲಾಂತರವಾಗಿ ಉಂಡ ಜನರ ಭಯವದು, ನಗತಕ್ಕದ್ದಲ್ಲ.

ನಮ್ಮಲ್ಲಿಯೂ ಗಂಧಶಾಸ್ತ್ರವು ಪ್ರಾಚೀನವಾದುದೇ. ಸುಮಾರು 1025ರಲ್ಲಿ ಚಾವುಂಡರಾಯನು ರಚಿಸಿದ ಲೋಕೋಪಕಾರವೆಂಬ ಕನ್ನಡ ಗ್ರಂಥದಲ್ಲಿ ಸುಗಂಧಗಳನ್ನು ಕೂಡಿಸುವ ವಿಚಾರಕ್ಕೇ ಒಂದು ಭಾಗವಿದೆ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿಯೂ ಸ್ನಾನ, ವಿಲೇಪನ, ಧೂಪಗಳ ವಿವರಣೆ ಬಂದಿದೆ. ಆದರೆ ನಮ್ಮ ಪದ್ಧತಿಯಲ್ಲಿ ಪರಿಮಳವನ್ನು ಹೊರುವುದು ಎಣ್ಣೆ, ಇಲ್ಲವೆ ತೇಯ್ದ ಗಂಧ. ಕನೋಜಿನ ಅತ್ತರುಗಾರರು ಹೂವಿನ ಆವಿಯನ್ನು ಶ್ರೀಗಂಧದ ಎಣ್ಣೆಯೊಳಕ್ಕೆ ಇಳಿಸಿ ಹಿಡಿಯುತ್ತಾರೆ. ಶ್ರೀಗಂಧವು ಹೂವಿನ ವಾಸನೆಯನ್ನು ಬಿಡದೆ ಕಟ್ಟಿಹಾಕುತ್ತದೆ. ಯೂರೋಪಿನಲ್ಲಿ ಆ ಕೆಲಸವನ್ನು ವಹಿಸಿಕೊಂಡುದು ಮದ್ಯಸಾರ. ಅದು ಪರಿಮಳವನ್ನು ಕಟ್ಟಿಹಾಕುವುದಿಲ್ಲ, ಹಾರಿಬಿಡುತ್ತದೆ. ಕೊಲೋನ್ ನೀರಿನ ಗುಣವೂ ದೋಷವೂ ಈ ಒಂದು ಭೇದದಲ್ಲಿಯೇ ಅಡಗಿದೆ.

ಮದ್ಯಸಾರದಲ್ಲಿ ಸುವಾಸನೆಯನ್ನು ಕರಗಿಸುವ ವಿದ್ಯೆ ಇಟಲಿಯ ಮಠಗಳಲ್ಲಿಯೂ ಔಷಧಶಾಲೆಗಳಲ್ಲಿಯೂ ಬಹುಕಾಲದಿಂದ ಇದ್ದಿತು. ರೋಸ್‌ಮೆರಿ ಎಂಬ ಗಿಡದ ಚಿಗುರನ್ನು ಮದ್ಯದೊಡನೆ ಭಟ್ಟಿಯಿಳಿಸಿದ ಹಂಗೆರಿ ರಾಣಿಯ ನೀರು ಎಂಬುದು ಮನೆಮಾತಾಗಿದ್ದಿತು. ಹೀಗೆ ಇಳಿಸಿದ ದ್ರವಗಳಿಗೆ ಆಕ್ವಾ ಮಿರಾಬಿಲಿಸ್, ಎಂದರೆ ಅದ್ಭುತ ಜಲ, ಎಂಬ ಸಾಮಾನ್ಯ ನಾಮ. ಅದನ್ನು ಹಣೆಗೆ ಹಚ್ಚುತ್ತಿದ್ದರು, ಮೂಗಿಗೆ ಹಿಡಿಯುತ್ತಿದ್ದರು, ದ್ರಾಕ್ಷಾರಸದಲ್ಲಿ ಬೆರಸಿ ಕುಡಿಯುತ್ತಲೂ ಇದ್ದರು. ಹಲ್ಲುನೋವಿನಿಂದ ಮಹಾಮಾರಿಯವರೆಗೆ ಅದರಿಂದ ವಾಸಿಯಾಗದ ಕಾಯಿಲೆಯೇ ಇಲ್ಲವೆಂದು ಮಾರುವವರು ಸಾರುತ್ತಿದ್ದರು.

ಇಟಲಿಯ ಉತ್ತರದಲ್ಲಿ, ಸ್ವಿಟ್ಜರ್‌ಲೆಂಡಿನ ಗಡಿಗೆ ಅಂಟಿಕೊಂಡು, ಆಲ್ಪ್ಸ್ ಪರ್ವತಗಳ ನಡುವೆ ವಿಜೆತ್ಸೊ ಎಂಬ ಕಣಿವೆಯಿದೆ. ಹೊಲ ಕಡಿಮೆ, ಚಳಿ ಹೆಚ್ಚು. ಹೊಟ್ಟೆಪಾಡಿಗಾಗಿ ಅಲ್ಲಿಯ ಗಂಡಸರೂ ಸಣ್ಣ ಹುಡುಗರೂ ದೂರ ದೇಶಗಳಿಗೆ ಹೋಗಿ ಶ್ರೀಮಂತರ ಮನೆಗಳ ಹೊಗೆಗೂಡುಗಳೊಳಕ್ಕೆ ಇಳಿದು ಮಸಿಯನ್ನು ಕೆರೆಯುವ ಕೆಲಸ ಮಾಡುತ್ತಿದ್ದರು. ಆ ಕಣಿವೆಯ ಮುಖ್ಯ ಗ್ರಾಮವಾದ ಸಾಂತಾ ಮರಿಯಾ ಮಜ್ಜೋರೆಯಲ್ಲಿ ಹೊಗೆಗೂಡು ಗುಡಿಸುವವರ ನೆನಪಿಗೆ ಒಂದು ವಸ್ತುಸಂಗ್ರಹಾಲಯವೇ ಇದೆ. ಯೂರೋಪಿನ ಮಸಿಯನ್ನು ಗುಡಿಸಿದವರೂ ಅದರ ಅತ್ಯಂತ ನಿರ್ಮಲವಾದ ಪರಿಮಳವನ್ನು ಕೊಟ್ಟವರೂ ಒಂದೇ ಕಣಿವೆಯವರು.

ಕೊಲೋನಿಗೆ ಮೊದಲು ಬಂದ ವಿಜೆತ್ಸೊ ಕಣಿವೆಯ ಗಂಧಿಗನು ಜೊವಾನ್ನಿ ಪಾವೊಲೊ ಫೆಮಿನಿಸ್. ಅವನು ಅದ್ಭುತ ಜಲವನ್ನು ಭಟ್ಟಿಯಿಳಿಸಿ ಮಾರುತ್ತಿದ್ದನು. 1727ರ ಜನವರಿಯಲ್ಲಿ ಕೊಲೋನ್ ವಿಶ್ವವಿದ್ಯಾನಿಲಯದ ವೈದ್ಯಪಂಡಿತರು ಅವನ ಜಲದ ಗುಣಗಳನ್ನು ಒಪ್ಪಿ ಪ್ರಮಾಣಪತ್ರವನ್ನು ಕೊಟ್ಟರು. 1736ರಲ್ಲಿ ಅವನು ತೀರಿಕೊಂಡನು.

ಎರಡನೆಯವನು ಜೊವಾನ್ನಿ ಮರಿಯಾ ಫರೀನಾ. ಹುಟ್ಟಿದುದು 1685ರ ಡಿಸೆಂಬರ್ 8ರಂದು, ಸಾಂತಾ ಮರಿಯಾ ಮಜ್ಜೋರೆಯಲ್ಲಿ. ಫರೀನಾ ಎಂದರೆ ಇಟಲಿಯ ಭಾಷೆಯಲ್ಲಿ ಹಿಟ್ಟು. ಪರಿಮಳಕ್ಕೂ ಹಿಟ್ಟಿಗೂ ಎಲ್ಲಿಯ ನಂಟೋ ತಿಳಿಯದು. ಅವನ ಅಣ್ಣ ಜೊವಾನ್ನಿ ಬತ್ತಿಸ್ತಾ 1709ರ ಜುಲೈ 13ರಂದು ಕೊಲೋನಿನಲ್ಲಿ ಒಂದು ಅಂಗಡಿಯನ್ನು ತೆರೆದನು. ಅದು ಸುಗಂಧದ ಅಂಗಡಿಯಲ್ಲ. ರೇಷ್ಮೆಯ ಕಾಲುಚೀಲ, ಜಾಲರಿ, ನಶ್ಯದ ಡಬ್ಬಿ, ಟೋಪನ್ನು ಮೊದಲಾದ ಷೋಕಿಯ ಪದಾರ್ಥಗಳನ್ನು ಆ ಕಾಲದ ಜರ್ಮನರು ಫ್ರೆಂಚ್ ಸಾಮಾನೆಂದು ಕರೆಯುತ್ತಿದ್ದರು; ಆ ಬಗೆಯ ವ್ಯಾಪಾರ ಅವರದು. ತಮ್ಮನು 1714ರಲ್ಲಿ ಬಂದು ಸೇರಿದನು. 1732ರಲ್ಲಿ ಅಣ್ಣನು ಸತ್ತ ಮೇಲೆ ವ್ಯವಹಾರವೆಲ್ಲವೂ ಅವನ ಪಾಲಿಗೆ ಬಂದಿತು.

ಈ ತಮ್ಮನಿಗೆ ದೈವವು ಅಪೂರ್ವವಾದ ಘ್ರಾಣಶಕ್ತಿಯನ್ನು ಕೊಟ್ಟಿದ್ದಿತು. 1708ರಲ್ಲಿ ಅವನು ಅಣ್ಣನಿಗೆ ಬರೆದುದೆನ್ನಲಾದ ಒಂದು ಕಾಗದವು ಪ್ರಸಿದ್ಧವಾಗಿದೆ. ಇಟಲಿಯ ವಸಂತಕಾಲದ ಬೆಳಗನ್ನೂ, ಮಳೆ ನಿಂತ ಮೇಲೆ ಕಿತ್ತಳೆಯ ಹೂವಿನಿಂದಲೂ ಬೆಟ್ಟದ ಹೂವಿನಿಂದಲೂ ಏಳುವ ಕಂಪನ್ನೂ ನೆನಪಿಗೆ ತರುವ ಒಂದು ಪರಿಮಳ ತನಗೆ ಕೈಗೂಡಿತೆಂಬುದು ಅದರ ಸಾರಾಂಶ. ಹೊಟ್ಟೆಪಾಡಿಗಾಗಿ ಊರು ಬಿಟ್ಟವನ ಮಾತೆಂಬುದನ್ನು ಮರೆಯದೆ ಅದನ್ನು ಓದಬೇಕು. ತಾನು ಬಿಟ್ಟುಬಂದ ನಾಡಿನ ಗಾಳಿಯನ್ನು ಸೀಸೆಯಲ್ಲಿ ತುಂಬಿ, ಅನ್ನವಿಟ್ಟ ಪಟ್ಟಣದ ಹೆಸರನ್ನು ಅದರ ಮೇಲೆ ಬರೆದವನು ಅವನು. ಹೆಸರನ್ನು ಫ್ರೆಂಚಿನಲ್ಲಿ ಬರೆದುದಕ್ಕೆ ಕಾರಣ ಸುಲಭ: ಆಗ ಯೂರೋಪಿನ ಅರಮನೆಗಳ ಭಾಷೆ ಅದೇ, ಕೊಳ್ಳುವವರಿದ್ದುದೂ ಅರಮನೆಗಳಲ್ಲಿಯೇ.

ಕೊಲೋನ್ ಪಟ್ಟಣವಾದರೋ ಪರಿಮಳಕ್ಕೆ ಹೆಸರಾದ ಸ್ಥಳವಾಗಿರಲಿಲ್ಲ. ಇಕ್ಕಟ್ಟಾದ ಬೀದಿಗಳು, ತೆರೆದ ಚರಂಡಿಗಳು. ನೂರು ವರ್ಷಗಳ ತರುವಾಯ ಅಲ್ಲಿಗೆ ಹೋಗಿದ್ದ ಇಂಗ್ಲಿಷ್ ಕವಿ ಕೋಲ್‌ರಿಜನು ಆ ಊರಿನ ನಾತವನ್ನು ಹಾಸ್ಯಮಾಡಿ ಒಂದು ಚುಟುಕು ಪದ್ಯವನ್ನೇ ಬರೆದನು. ಇಂತಹ ಬೀದಿಯಲ್ಲಿ ನಡೆಯುವವನಿಗೆ ಮೂಗಿಗೆ ಹಿಡಿಯಲು ಒಂದು ಕರವಸ್ತ್ರವೂ ಅದರ ಮೇಲೆ ಹಾಕಿಕೊಳ್ಳಲು ಒಂದು ಸುವಾಸನೆಯೂ ವಿಲಾಸವಾಗಿರಲಿಲ್ಲ, ಅವಶ್ಯಕತೆಯಾಗಿದ್ದಿತು.

ಈ ನೀರಿನಲ್ಲಿ ಏನಿದೆ? ಪೂರ್ಣವಾದ ಗುಟ್ಟನ್ನು ಫರೀನಾ ಮನೆತನದವರು ಹೊರಗೆ ಬಿಟ್ಟಿಲ್ಲ. ಆದರೆ ಈ ಜಾತಿಯ ದ್ರವಗಳ ಸಾಮಾನ್ಯ ಸ್ವರೂಪ ಎಲ್ಲರಿಗೂ ತಿಳಿದುದೇ. ನಿಂಬೆ, ಕಿತ್ತಳೆ, ಮಾದಲ ಇವುಗಳ ಕುಲಕ್ಕೆ ಸೇರಿದ ಹಣ್ಣುಗಳ ಸಿಪ್ಪೆಯ ತೈಲ ಮೊದಲನೆಯದು. ಅವುಗಳಲ್ಲಿ ಮುಖ್ಯವಾದುದು ಬರ್ಗಮಾಟ್. ಇದು ಕಹಿ ಕಿತ್ತಳೆಯೂ ನಿಂಬೆಯ ಜಾತಿಯೂ ಕೂಡಿ ಹುಟ್ಟಿದ ಮಿಶ್ರಫಲ. ಇಟಲಿಯ ದಕ್ಷಿಣ ತುದಿಯಾದ ಕಲಾಬ್ರಿಯದ ಕಡಲ ತೀರದಲ್ಲಿ ಬೆಳೆದಷ್ಟು ಚೆನ್ನಾಗಿ ಬೇರೆಡೆ ಬೆಳೆಯುವುದಿಲ್ಲ. ಹಣ್ಣು ತಿನ್ನುವುದಕ್ಕೆ ಹುಳಿ, ಕಹಿ. ಎಲ್ಲ ಬೆಲೆಯೂ ಸಿಪ್ಪೆಯಲ್ಲಿ. ಚಳಿಗಾಲದಲ್ಲಿ ಕೊಯ್ದ ಹಣ್ಣನ್ನು ಹೋಳುಮಾಡಿ, ತಿರುಳನ್ನು ತೆಗೆದು, ಸಿಪ್ಪೆಯನ್ನು ಸ್ಪಂಜಿನ ಮೇಲೆ ಒತ್ತಿ ಒತ್ತಿ ತಿರುಗಿಸುತ್ತಿದ್ದರು. ಸಿಪ್ಪೆಯ ಕಣಗಳು ಒಡೆದು ಬಂದ ತೈಲವನ್ನು ಸ್ಪಂಜು ಹೀರುತ್ತಿದ್ದಿತು. ಅದನ್ನು ಹಿಂಡಿದಾಗ ಮಡಕೆಗೆ ತೈಲ ಬೀಳುತ್ತಿದ್ದಿತು. ಬೆಂಕಿ ತಾಗಿಸಿದರೆ ಕಂಪು ಕೆಡುವುದಾದುದರಿಂದ ಇದೆಲ್ಲವೂ ಕೈಯ ಕೆಲಸ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಯಂತ್ರ ಬಂದಿತು. ಒಂದು ಕಿಲೋಗ್ರಾಮ್ ತೈಲಕ್ಕೆ ಸುಮಾರು 200 ಕಿಲೋಗ್ರಾಮ್ ಹಣ್ಣು ಬೇಕು.

ಇನ್ನೊಂದು ಕಹಿ ಕಿತ್ತಳೆಯ ಹೂವು. ಅದನ್ನು ಹಬೆಯಲ್ಲಿ ಭಟ್ಟಿಯಿಳಿಸಿದರೆ ನೆರೋಲಿ ಎಂಬ ತೈಲ ದೊರೆಯುತ್ತದೆ. ಇಟಲಿಯ ನೆರೋಲಾ ಎಂಬಲ್ಲಿಯ ರಾಣಿಯೊಬ್ಬಳು ಹದಿನೇಳನೆಯ ಶತಮಾನದಲ್ಲಿ ತನ್ನ ಕೈಗವಸುಗಳಿಗೆ ಅದನ್ನು ಬಳಸಿದುದರಿಂದ ಆ ಹೆಸರು ಬಂದಿತಂತೆ. ಒಂದು ಕಿಲೋಗ್ರಾಮಿಗೆ ಸುಮಾರು ಸಾವಿರ ಕಿಲೋಗ್ರಾಮ್ ಹೂವು! ಅದೇ ಗಿಡದ ಎಲೆ ಮತ್ತು ಎಳೆಯ ಕಡ್ಡಿಗಳಿಂದ ಬರುವುದು ಬೇರೆ ತೈಲ, ಬೇರೆ ವಾಸನೆ. ಇವುಗಳೊಡನೆ ಲ್ಯಾವೆಂಡರ್ ಮತ್ತು ರೋಸ್‌ಮೆರಿ. ಇವೆಲ್ಲವನ್ನೂ ಶುದ್ಧಮಾಡಿದ ಮದ್ಯಸಾರದಲ್ಲಿ ಕರಗಿಸಿ, ಒಂದಕ್ಕೊಂದು ಹೊಂದಿಕೊಳ್ಳುವ ತನಕ ಪೀಪಾಯಿಗಳಲ್ಲಿ ಇಟ್ಟಿರಬೇಕು.

ನೂರು ಪಾಲು ದ್ರವದಲ್ಲಿ ಸುಗಂಧತೈಲವು ಎರಡರಿಂದ ಐದು ಪಾಲಿಗಿಂತ ಹೆಚ್ಚಾಗಿರುವುದಿಲ್ಲ. ಗಾಢವಾದ ಪರ್ಫ್ಯೂಮುಗಳಲ್ಲಿ ಅದು ಹದಿನೈದಕ್ಕೂ ಮೀರುವುದುಂಟು. ಹಾಗೂ ಸಿಪ್ಪೆಯ ತೈಲಗಳ ಕಣಗಳು ಹಗುರವಾದುವು. ಮೈಯ ಬಿಸಿ ತಗುಲಿದೊಡನೆ ಆವಿಯಾಗಿ ಹೋಗುತ್ತವೆ. ಮದ್ಯಸಾರವೂ ಹಾಗೆಯೇ ಆರಿಹೋಗುತ್ತ ಚರ್ಮದ ಶಾಖವನ್ನು ತನ್ನೊಡನೆ ಒಯ್ಯುತ್ತದೆ. ಜ್ವರದ ಹಣೆ ತಣ್ಣಗಾಗುತ್ತಿದ್ದುದು ಇದರಿಂದಲೇ. ನಿಂಬೆಯ ವಾಸನೆಗೆ ಆ ಕೀರ್ತಿ ಸುಮ್ಮನೆ ಸಂದಿತು.

ಫರೀನಾನ ನಿಜವಾದ ಸಾಧನೆ ಯಾವುದು? ಎಲ್ಲಕ್ಕೂ ಕಠಿನವಾದುದು ಕೂಡಿಕೆಯಲ್ಲ, ಅದು ಪ್ರತಿ ವರ್ಷವೂ ಒಂದೇ ವಾಸನೆಯನ್ನು ಕೊಡುವಂತೆ ಮಾಡುವುದು. ಒಂದು ವರ್ಷದ ಹಣ್ಣಿನಂತೆ ಇನ್ನೊಂದು ವರ್ಷದ ಹಣ್ಣಿರುವುದಿಲ್ಲ. ಮಳೆ ಹೆಚ್ಚಾದರೆ ಒಂದು ಬಗೆ, ಬಿಸಿಲು ಹೆಚ್ಚಾದರೆ ಇನ್ನೊಂದು. ಬೇರೆಬೇರೆ ತೋಟಗಳ ತೈಲಗಳನ್ನು ಮೂಸಿ ಮೂಸಿ ಬೆರಸಿ, ಹಿಂದಿನ ವರ್ಷದ ಸೀಸೆಗೂ ಈ ವರ್ಷದ ಸೀಸೆಗೂ ಭೇದ ತೋರದಂತೆ ಮಾಡಬೇಕು. ಪುಳಿಯೋಗರೆಯ ಗೊಜ್ಜನ್ನು ಪ್ರತಿಸಲವೂ ಒಂದೇ ಹದದಲ್ಲಿ ಇಳಿಸುವ ಗೃಹಿಣಿಗೆ ಈ ಕಷ್ಟ ಗೊತ್ತು. ದೂರದ ರಾಜಾಸ್ಥಾನಗಳು ಒಮ್ಮೆ ಕೊಂಡು ಮತ್ತೆ ಮತ್ತೆ ಬರೆದು ತರಿಸಿಕೊಂಡುದು ಈ ನಂಬಿಕೆಯ ಮೇಲೆ. ಕೊಲೋನಿನ ಆರ್ಚ್‌ಬಿಷಪ್ ಕ್ಲೆಮೆನ್ಸ್ ಆಗಸ್ಟ್, ಪ್ರಷ್ಯದ ದೊರೆ ಫ್ರೆಡರಿಕ್ ವಿಲಿಯಮ್, ಆಸ್ಟ್ರಿಯದ ಮರಿಯಾ ತೆರೆಸಾ, ಫ್ರಾನ್ಸಿನ ಹದಿನೈದನೆಯ ಲೂಯಿ, ಇವರೆಲ್ಲರೂ ಅವನ ಗಿರಾಕಿಗಳು. ನೀಳವಾದ ಹಸಿರು ಸೀಸೆಗಳಲ್ಲಿ ತುಂಬಿ, ಬಿರಡೆ ಒಣಗದಿರಲೆಂದು ಮಲಗಿಸಿಯೇ ಕಳುಹಿಸುತ್ತಿದ್ದನು. 1766ರ ನವೆಂಬರ್ 25ರಂದು ಅವನು ಕಾಲವಾದನು. ಅವನ ಅಂಗಡಿಯ ಲೆಕ್ಕದ ಪುಸ್ತಕಗಳೂ ಪತ್ರವ್ಯವಹಾರವೂ ಇಂದಿಗೂ ಉಳಿದುಬಂದಿವೆ.

ಫೆಮಿನಿಸ್ ಮತ್ತು ಫರೀನಾ, ಇವರಲ್ಲಿ ಮೊದಲಿಗನು ಯಾರು ಎಂಬ ವ್ಯಾಜ್ಯ ಇಲ್ಲಿ ಬರುತ್ತದೆ. ಫೆಮಿನಿಸನ ಗುಟ್ಟು ಅವನ ಅಂಗಡಿಯೊಡನೆ ಜೊವಾನ್ನಿ ಆಂತೋನಿಯೊ ಫರೀನಾ ಎಂಬ ಮತ್ತೊಬ್ಬನಿಗೆ ಸೇರಿತೆಂದೂ ಆ ಗುಟ್ಟೇ ಕೊಲೋನ್ ನೀರಿನ ಮೂಲವೆಂದೂ ಒಂದು ಪಕ್ಷ. ಈ ಪಕ್ಷವನ್ನು ಹೆಚ್ಚಾಗಿ ಸಾರಿದವರು ಹತ್ತೊಂಬತ್ತನೆಯ ಶತಮಾನದ ಪ್ಯಾರಿಸಿನ ವ್ಯಾಪಾರಿಗಳು. ಅದರಿಂದ ಅವರಿಗೆ ಲಾಭವಿದ್ದಿತು. ಫೆಮಿನಿಸನು ಅದ್ಭುತ ಜಲವನ್ನು ಮಾರಿದನೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದ್ಭುತ ಜಲವು ಔಷಧ. ಆ ಕಾಲದಲ್ಲಿ ಅದನ್ನು ಹಲವರು ಮಾಡುತ್ತಿದ್ದರು. ಒಂದು ನಿರ್ದಿಷ್ಟವಾದ ಪರಿಮಳಕ್ಕೆ ಒಂದು ನಿರ್ದಿಷ್ಟವಾದ ಹೆಸರನ್ನಿಟ್ಟು ಅದನ್ನು ದೇಶದೇಶಗಳಿಗೆ ಕಳುಹಿಸಿದ ದಾಖಲೆ ಇರುವುದು ಜೊವಾನ್ನಿ ಮರಿಯಾನ ಅಂಗಡಿಯಲ್ಲಿ. ಇಬ್ಬರೂ ಒಂದೇ ಕಣಿವೆಯ ವಿದ್ಯೆಯನ್ನು ಹೊತ್ತು ಬಂದವರು, ಹೆಸರಿನ ಹಕ್ಕು ಫರೀನಾನದು ಎಂದು ನಾವು ತಿಳಿಯುತ್ತೇವೆ.

1794ರ ಅಕ್ಟೋಬರ್ 6ರಂದು ಫ್ರಾನ್ಸಿನ ಕ್ರಾಂತಿಸೇನೆಯು ಕೊಲೋನನ್ನು ಹೊಕ್ಕಿತು. ಆ ಕಾಲದಲ್ಲಿಯೇ ಪಟ್ಟಣದ ಮನೆಗಳಿಗೆ ಸಂಖ್ಯೆಗಳನ್ನು ಕೊಟ್ಟರು. ಬೀದಿಬೀದಿಗೆ ಬೇರೆಯಾಗಿ ಅಲ್ಲ. ಇಡೀ ಪಟ್ಟಣಕ್ಕೆ ಒಂದೇ ಸರಣಿ. ಗ್ಲೊಕೆನ್‌ಗಾಸೆ, ಎಂದರೆ ಗಂಟೆಯ ಗಲ್ಲಿ, ಎಂಬಲ್ಲಿದ್ದ ಒಂದು ಮನೆಗೆ 4711 ಎಂಬ ಸಂಖ್ಯೆ ಬಿದ್ದಿತು. ಫ್ರೆಂಚ್ ಸಿಪಾಯಿಯೊಬ್ಬನು ಕುದುರೆಯ ಮೇಲೆ ಕುಳಿತೇ ಆ ಅಂಕಿಗಳನ್ನು ಗೋಡೆಗೆ ಬರೆಯುತ್ತಿರುವಂತೆ ಒಂದು ಚಿತ್ರ ಬಹಳ ಪ್ರಚಾರದಲ್ಲಿದೆ. ನೋಡುವುದಕ್ಕೆ ಸೊಗಸು, ಆದರೆ ಸಂಖ್ಯೆ ಹಾಕಿಸಲು ಅಪ್ಪಣೆ ಕೊಟ್ಟುದು ಪಟ್ಟಣದ ಆಡಳಿತಸಭೆಯೇ, ಅದೂ ಫ್ರೆಂಚರು ಒಳಬರುವುದಕ್ಕೆ ಮೂರು ದಿನ ಮುಂಚೆ. 1811ರಲ್ಲಿ ಬೀದಿವಾರು ಸಂಖ್ಯೆಗಳು ಬಂದಾಗ ಆ ಮನೆಯ ಸಂಖ್ಯೆ 12 ಆಯಿತು.

ಆ ಮನೆಯಲ್ಲಿ ವ್ಯಾಪಾರ ಮಾಡಿದವನು ವಿಲ್‌ಹೆಲ್ಮ್ ಮ್ಯುಲ್ಹೆನ್ಸ್. 1792ರ ಅಕ್ಟೋಬರ್ 8ರಂದು ಅವನ ಮದುವೆಯಲ್ಲಿ ಕಾರ್ತೂಸಿಯನ್ ಪಂಥದ ಸನ್ಯಾಸಿಯೊಬ್ಬನು ಅದ್ಭುತ ಜಲದ ಕ್ರಮವನ್ನು ಬರೆದು ಉಡುಗೊರೆಯಾಗಿ ಕೊಟ್ಟನೆಂದು ಆ ಸಂಸ್ಥೆಯವರು ಹೇಳುತ್ತ ಬಂದರು. ವ್ಯಾಪಾರಕ್ಕೆ ಸ್ಥಳಪುರಾಣವೊಂದು ಬೇಕಷ್ಟೆ! ಖಚಿತವಾಗಿ ಗೊತ್ತಿರುವುದು ಬೇರೆ. 1803ರಲ್ಲಿ ಮ್ಯುಲ್ಹೆನ್ಸನು ಬಾನ್ ಪಟ್ಟಣದ ಕಾರ್ಲ್ ಫ್ರಾಂಜ್ ಮರಿಯಾ ಫರೀನಾ ಎಂಬುವನಿಂದ ಅವನ ಹೆಸರನ್ನು ಬಳಸುವ ಹಕ್ಕನ್ನು ಕ್ರಯಕ್ಕೆ ಪಡೆದನು. ಈ ಫರೀನಾನಿಗೂ ಗಂಧಿಗರ ಮನೆತನಕ್ಕೂ ಯಾವ ನಂಟೂ ಇರಲಿಲ್ಲ. ಕೊಲೋನ್ ನೀರನ್ನು ಅವನು ಮಾಡಿದವನೂ ಅಲ್ಲ. ಬೇಕಾದುದು ಅವನ ಹೆಸರು ಮಾತ್ರ. ಕೊಂಡ ಹೆಸರನ್ನು ಮ್ಯುಲ್ಹೆನ್ಸನು ತಾನು ಬಳಸಿದುದಲ್ಲದೆ ಇತರ ಹಲವರಿಗೂ ಮಾರಿದನು.

ಆ ಮೇಲೆ ನಡೆದುದನ್ನು ನಗಬೇಕೋ ಮರುಗಬೇಕೋ ತಿಳಿಯದು. ಫ್ರೆಂಚರ ಆಳ್ವಿಕೆಯಲ್ಲಿ ಹಳೆಯ ವೃತ್ತಿಸಂಘಗಳ ಕಟ್ಟುಪಾಡು ಮುರಿದುಬಿದ್ದು ಯಾರು ಯಾವ ಕಸಬನ್ನಾದರೂ ಹಿಡಿಯಬಹುದಾಗಿದ್ದಿತು. ಕೊಲೋನಿನಲ್ಲಿ ಹತ್ತಾರು ಮಂದಿ ಫರೀನಾರು ಎದ್ದರು. ಇಟಲಿಯಿಂದ ಆ ಹೆಸರಿನವನೊಬ್ಬನನ್ನು ಹುಡುಕಿ ಪಾಲುದಾರನೆಂದು ಸೇರಿಸಿಕೊಂಡರೆ ಅಂಗಡಿಗೆ ಫಲಕವನ್ನು ತೂಗುಹಾಕಬಹುದು. ಅಸಲು ಫರೀನಾರು ತಮ್ಮ ಹೆಸರಿನ ಜೊತೆಗೆ ಯ್ಯೂಲಿಕ್ಸ್ ಚೌಕದ ಎದುರಿನವರು ಎಂಬ ವಿಳಾಸವನ್ನೂ ಸೇರಿಸಿ ಬರೆಯಬೇಕಾಗಿ ಬಂದಿತು. ತಾತನು ದುಡಿದು ಗಳಿಸಿದ ಹೆಸರು ಬೀದಿಯ ಪಾಲಾದಾಗ, ಅಂಗಡಿಯ ದಿಕ್ಕನ್ನು ತೋರಿಸಿ ತಾವೇ ತಾವೆಂದು ಸಾಧಿಸಬೇಕಾದವರ ಸಂಕಟವನ್ನು ಊಹಿಸಬಹುದು. ಕೋರ್ಟುಗಳಿಗೆ ಹೋದರು. ಆದರೆ ವ್ಯಾಪಾರದ ಮುದ್ರೆಗೆ ರಕ್ಷಣೆ ಕೊಡುವ ಶಾಸನವೇ ಆಗ ಇರಲಿಲ್ಲ.

ಈ ನಡುವೆ ಇನ್ನೊಂದು ಸಂದಿಗ್ಧ ಒದಗಿತು. 1810ರ ಆಗಸ್ಟ್ 18ರಂದು ನೆಪೋಲಿಯನ್ ಚಕ್ರವರ್ತಿಯು ಗುಪ್ತ ಔಷಧಗಳ ವಿಷಯದಲ್ಲಿ ಒಂದು ಆಜ್ಞೆಯನ್ನು ಹೊರಡಿಸಿದನು. ಗುಟ್ಟಿನ ಔಷಧಗಳನ್ನು ಮಾರುವವರು ಅವುಗಳ ಕ್ರಮವನ್ನು ಸರ್ಕಾರಕ್ಕೆ ತಿಳಿಸಬೇಕು. ಗುಣವುಳ್ಳದ್ದಾದರೆ ಸರ್ಕಾರವು ಅದನ್ನು ಕೊಂಡು ಜನರೆಲ್ಲರಿಗೂ ಪ್ರಕಟಿಸುವುದು. ಪ್ರಜೆಗಳ ಹಿತದೃಷ್ಟಿಯಿಂದ ಉತ್ತಮವಾದ ಆಜ್ಞೆ. ಕೊಲೋನಿನವರಾದರೋ ಒಂದು ಉಪಾಯವನ್ನು ಕಂಡರು: ತಾವು ಮಾರುವುದು ಔಷಧವಲ್ಲ, ಮೈಗೆ ಹಚ್ಚುವ ಸುವಾಸನೆಯ ನೀರು ಎಂದುಬಿಟ್ಟರು. ಗುಟ್ಟನ್ನು ಉಳಿಸಿಕೊಳ್ಳುವುದಕ್ಕಾಗಿ ಗುಣವನ್ನು ಬಿಟ್ಟುಕೊಟ್ಟರು. ಓಡಿಕೊಲೋನ್ ಕಾಯಿದೆಯ ದೃಷ್ಟಿಯಲ್ಲಿ ಪರಿಮಳವಾದುದು ಹೀಗೆ. ಆದರೂ ಯೂರೋಪಿನ ಮನೆಗಳಲ್ಲಿ ಅದನ್ನು ತಲೆನೋವಿಗೆ ಹಚ್ಚುವ ಅಭ್ಯಾಸ ನಿಲ್ಲಲಿಲ್ಲ. ಇಂಗ್ಲಿಷರೊಡನೆ ಆ ಅಭ್ಯಾಸ ಹಡಗನ್ನೇರಿ ನಮ್ಮ ದೇಶಕ್ಕೂ ಬಂದಿತು.

ಆಜ್ಞೆಯನ್ನು ಹೊರಡಿಸಿದ ಚಕ್ರವರ್ತಿಯೇ ಆ ನೀರಿನ ಮಹಾಭಕ್ತನಾಗಿದ್ದುದು ಸೋಜಿಗ. 1799ರ ಜನವರಿಯಲ್ಲಿ ಕೈರೋವಿನಿಂದ ನಮ್ಮ ಟಿಪ್ಪು ಸುಲ್ತಾನನಿಗೆ ಕಾಗದವನ್ನು ಬರೆದ ನೆಪೋಲಿಯನನು ಇವನೇ. ಆ ಕಾಗದ ಇಂಗ್ಲಿಷರ ಕೈಗೆ ಸಿಕ್ಕಿತು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಅದು ಬೇರೆಯ ಕಥೆ. ಅವನಿಗೆ ಗಾಢವಾದ ವಾಸನೆಗಳು ಸೇರುತ್ತಿರಲಿಲ್ಲ. ಸ್ನಾನವಾದ ಮೇಲೆ ಬೆನ್ನಿಗೂ ಎದೆಗೂ ಕೊಲೋನ್ ನೀರನ್ನು ಸುರಿಸಿಕೊಂಡು ಉಜ್ಜಿಸಿಕೊಳ್ಳುತ್ತಿದ್ದನು. ತಿಂಗಳಿಗೆ 60 ಸೀಸೆಗಳು ಖರ್ಚಾಗುತ್ತಿದ್ದುವೆಂಬ ಮಾತು ಪ್ರಸಿದ್ಧ. ದಂಡಯಾತ್ರೆಯಲ್ಲಿ ಬೂಟಿನೊಳಗೆ ಸಿಕ್ಕಿಸಿಕೊಳ್ಳುವಂತೆ ಸಪೂರವಾದ ಸೀಸೆಗಳನ್ನು ಮಾಡಿಸಿದ್ದನೆಂದೂ ಹೇಳುತ್ತಾರೆ. ಸೇಂಟ್ ಹೆಲೀನಾ ದ್ವೀಪದ ಸೆರೆಯಲ್ಲಿಯೂ ಈ ಚಾಪಲ್ಯ ಬಿಡಲಿಲ್ಲ. ಯೂರೋಪನ್ನು ನಡುಗಿಸಿದವನಿಗೆ ಅಲ್ಲಿ ಪರಿಚಾರಕರು ಕೈಯಾರೆ ಬೆರಸಿ ಕೊಟ್ಟ ನೀರೇ ಗತಿಯಾಯಿತು.

ಪ್ಯಾರಿಸಿನಲ್ಲಿ 1806ರಲ್ಲಿ ಜ್ಯಾ ಮರಿ ಫರೀನಾ ಎಂಬುವನು ಅಂಗಡಿಯನ್ನು ತೆರೆದಿದ್ದನು. ಇವನು ಆ ಮನೆತನದ ಕವಲಿಗೇ ಸೇರಿದವನು. ಅವನ ವ್ಯವಹಾರವು 1840ರಲ್ಲಿ ಲೆಯೋನ್ಸ್ ಕೊಲ್ಲಾ ಎಂಬುವನಿಗೂ, 1862ರಲ್ಲಿ ರೋಜೆ ಮತ್ತು ಗಾಲೆ ಎಂಬ ಸಂಸ್ಥೆಗೂ ಸೇರಿತು. 1853ರಲ್ಲಿ ಗೆರ್ಲೆನ್ ಎಂಬ ಗಂಧಿಗನು ಮೂರನೆಯ ನೆಪೋಲಿಯನನ ಪತ್ನಿ ಯೂಜೆನಿಗಾಗಿ ಕೊಲೋನ್ ನೀರೊಂದನ್ನು ಕೂಡಿಸಿ, ಜೇನುಹುಳುಗಳ ಉಬ್ಬುಚಿತ್ರವಿರುವ ಸೀಸೆಯಲ್ಲಿ ತುಂಬಿ ಒಪ್ಪಿಸಿದನು. ಇಷ್ಟುಹೊತ್ತಿಗೆ ಓಡಿಕೊಲೋನ್ ಎಂಬುದು ಒಂದು ಅಂಗಡಿಯ ಪದಾರ್ಥದ ಹೆಸರಾಗಿ ಉಳಿದಿರಲಿಲ್ಲ. ಒಂದು ಜಾತಿಯ ಹೆಸರಾಗಿದ್ದಿತು. ಜೊವಾನ್ನಿ ಮರಿಯಾನು ಇಟ್ಟ ಹೆಸರು ಇಷ್ಟು ದೂರ ಗೆದ್ದಿತು; ಗೆದ್ದುದರಿಂದಲೇ ಅವನ ಮಕ್ಕಳ ಕೈತಪ್ಪಿತು.

ಜರ್ಮನಿಯು ಒಂದಾದ ಮೇಲೆ 1874ರ ನವೆಂಬರ್ 30ರಂದು ವ್ಯಾಪಾರಮುದ್ರೆಗಳ ರಕ್ಷಣೆಯ ಶಾಸನವಾಯಿತು. ಮರುವರ್ಷ 4711 ಎಂಬ ಅಂಕಿಯು ಮ್ಯುಲ್ಹೆನ್ಸ್ ಮನೆತನದ ಮುದ್ರೆಯಾಗಿ ದಾಖಲಾಯಿತು. 1881ರಲ್ಲಿ ವಿಲ್‌ಹೆಲ್ಮನ ಮೊಮ್ಮಗ ಫರ್ಡಿನಾಂಡನು ಫರೀನಾ ಎಂಬ ಹೆಸರನ್ನು ಬಿಟ್ಟುಕೊಡಬೇಕಾಯಿತು. ಆ ಮೇಲೆ ಅವರಿಗೆ ಉಳಿದುದು ಎಂದೋ ಅಳಿಸಿಹೋಗಿದ್ದ ಮನೆಯ ಸಂಖ್ಯೆ. ನೀಲಿ ಮತ್ತು ಹೊನ್ನಿನ ಬಣ್ಣದ ಚೀಟಿಯ ಮೇಲೆ ಆ ನಾಲ್ಕು ಅಂಕಿಗಳು ಲೋಕವನ್ನೆಲ್ಲ ಸುತ್ತಿದುವು. ಕೊಂಡ ಹೆಸರಿಗಿಂತ ಆಕಸ್ಮಿಕವಾಗಿ ಬಿದ್ದ ಅಂಕಿಯೇ ಅವರಿಗೆ ಹೆಚ್ಚು ಭಾಗ್ಯವನ್ನು ತಂದಿತೆಂದು ಒಪ್ಪಬೇಕು, ಪದಾರ್ಥವೂ ಕೆಟ್ಟದಾಗಿರಲಿಲ್ಲ.

ಜರ್ಮನಿಯ ಸುಗಂಧದ ಉದ್ಯಮಕ್ಕೂ ಮೈಸೂರಿಗೂ ಒಂದು ನಂಟಿದ್ದುದನ್ನು ಇಲ್ಲಿ ನೆನೆಯಬಹುದು. ನಮ್ಮ ಕಾಡುಗಳ ಶ್ರೀಗಂಧದ ತುಂಡುಗಳು ಹರಾಜಾಗಿ ಹಡಗಿನಲ್ಲಿ ಹೋಗುತ್ತಿದ್ದುವು. ಕೊಳ್ಳುವವರಲ್ಲಿ ಜರ್ಮನರು ಪ್ರಮುಖರು. 1914ರಲ್ಲಿ ಯುದ್ಧವು ಆರಂಭವಾಗಿ ಆ ವ್ಯಾಪಾರ ನಿಂತುಹೋಯಿತು. ಕೊರಡುಗಳು ಇಲ್ಲಿಯೇ ಉಳಿದುದರಿಂದ ಎಣ್ಣೆಯನ್ನು ನಾವೇ ತೆಗೆಯಬೇಕೆಂಬ ಸಂಕಲ್ಪವಾಗಿ, 1916ರಲ್ಲಿ ಬೆಂಗಳೂರಿನಲ್ಲಿ ಶ್ರೀಗಂಧದ ಎಣ್ಣೆಯ ತಯಾರಿಕೆ ಮೊದಲಾಯಿತು.

ಮುಂದಿನ ಯುದ್ಧವು ಕೊಲೋನನ್ನು ನೆಲಸಮ ಮಾಡಿತು. 1942ರ ಮೇ 30ರ ರಾತ್ರಿ ಸಾವಿರ ವಿಮಾನಗಳು ಏಕಕಾಲದಲ್ಲಿ ಬಂದು ಬಾಂಬುಗಳನ್ನು ಸುರಿದುವು. ಅದು ಮೊದಲನೆಯದೂ ಅಲ್ಲ, ಕೊನೆಯದೂ ಅಲ್ಲ. 1945ರಲ್ಲಿ ಯುದ್ಧ ಮುಗಿದಾಗ ಹಳೆಯ ಪಟ್ಟಣದಲ್ಲಿ ಮಹಾದೇವಾಲಯದ ಎರಡು ಗೋಪುರಗಳು ನಿಂತಿದ್ದುವು, ಸುತ್ತಲೂ ಇಟ್ಟಿಗೆಯ ರಾಶಿ. ಗಂಟೆಯ ಗಲ್ಲಿಯ ಮನೆಯೂ ಹೋಯಿತು, ಯ್ಯೂಲಿಕ್ಸ್ ಚೌಕದ ಎದುರಿನ ಮನೆಯೂ ಹೋಯಿತು. ನೂರೈವತ್ತು ವರ್ಷ ವ್ಯಾಜ್ಯವಾಡಿದವರಿಬ್ಬರ ಗೋಡೆಗಳೂ ಒಂದೇ ಧೂಳಾದುವು. ಫರೀನಾರ ಲೆಕ್ಕದ ಪುಸ್ತಕಗಳು ಮಾತ್ರ ಉಳಿದುವು.

ಎರಡು ಮನೆಗಳನ್ನೂ ಮತ್ತೆ ಕಟ್ಟಿದರು. 4711 ಮ್ಯುಲ್ಹೆನ್ಸರ ಕೈಯಿಂದ ಒಂದೆರಡು ಸಂಸ್ಥೆಗಳನ್ನು ದಾಟಿ 2006ರಲ್ಲಿ ಮ್ಯೋರರ್ ಮತ್ತು ವಿರ್ಟ್ಸ್ ಎಂಬವರಿಗೆ ಸೇರಿತು. ಫರೀನಾರ ಅಂಗಡಿಯು ಅದೇ ವಂಶದವರ ಕೈಯಲ್ಲಿ ಉಳಿದುಬಂದಿದೆ. ಮಾಳಿಗೆಯ ಕೆಳಗಿನ ನೆಲಮನೆಯಲ್ಲಿ ಹಳೆಯ ಪೀಪಾಯಿಗಳನ್ನೂ ಪತ್ರಗಳನ್ನೂ ನೋಡಲು ಇಟ್ಟಿದ್ದಾರೆ. ಗಂಟೆಯ ಗಲ್ಲಿಯ ಅಂಗಡಿಯಲ್ಲಿ ಒಂದು ಪುಟ್ಟ ಚಿಲುಮೆಯುಂಟು. ಅದರಲ್ಲಿ ಹರಿಯುವುದು ಕೊಲೋನ್ ನೀರು. ಬಂದವರು ಬೆರಳನ್ನು ಅದ್ದಿ ಹಣೆಗೋ ಕುತ್ತಿಗೆಗೋ ಹಚ್ಚಿಕೊಳ್ಳುತ್ತಾರೆ. ಬೀದಿಯ ತಿರುವನ್ನು ದಾಟುವಷ್ಟರಲ್ಲಿ ಅದು ಆರಿಹೋಗಿರುತ್ತದೆ.